ಹಳೆಯ ಗಣಕಕ್ಕೆ ಹಗುರವಾದ ಹೊರೆ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಗಣಕಯಂತ್ರದ ಬಿಡಿಭಾಗಗಳನ್ನೆಲ್ಲ ಹತೋಟಿಯಲ್ಲಿಟ್ಟುಕೊಂಡು, ಬಳಕೆದಾರನ ಆಜ್ಞೆಗಳನ್ನು ಅವುಗಳಿಗೆ ಮುಟ್ಟಿಸುವ ಮೂಲ ತಂತ್ರಾಂಶವನ್ನು ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ಅದರಲ್ಲಿ ಕಾಲಕಾಲಕ್ಕೆ ಕಂಡುಬರುವ ಭದ್ರತೆಯ ಬಿರುಕುಗಳನ್ನು ಮುಚ್ಚುವ ತೇಪೆಗಳು ಬರುವುದು ನಿಂತರೆ, ಅಂತಹ ಗಣಕದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಚಿಲಕ ಸಡಿಲವಾದ ಬಾಗಿಲಿನ ಮನೆಯಲ್ಲಿ ಒಡವೆ ಇಟ್ಟಂತೆ. ಒಂದು ವರ್ಷದ ಮಟ್ಟಿಗೆ ವಿಸ್ತರಣೆಯ ಏರ್ಪಾಡೊಂದು ಇದೆಯಾದರೂ ಅದು ಗಡುವನ್ನು ಮುಂದೂಡುತ್ತದೆಯೇ ಹೊರತು ಸಮಸ್ಯೆಯನ್ನು ಬಗೆಹರಿಸುವುದಿಲ್ಲ. ಮುಂದಿನ ಆವೃತ್ತಿಯಾದ ವಿಂಡೋಸ್ 11 ಕನಿಷ್ಠ 4 ಜಿಬಿ ರ್ಯಾಮ್, 64 ಜಿಬಿ ಸಂಗ್ರಹ ಸ್ಥಳ, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇವುಗಳ ಜೊತೆಗೆ, ಇಂಟೆಲ್ ಪ್ರೊಸೆಸರ್ ಆಗಿದ್ದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನದು, ಎಂದರೆ 2017ರಿಂದ ಈಚೆಗೆ ಬಂದದ್ದು ಆಗಿರಬೇಕೆಂದು ಬಯಸುತ್ತದೆ. ಹೀಗಾಗಿ, ಯಾವ ಭಾಗವೂ ಕೆಟ್ಟಿರದ ಅಸಂಖ್ಯಾತ ಗಣಕಗಳು ಕೇವಲ ಹುಟ್ಟಿದ ವರ್ಷದ ಕಾರಣದಿಂದ ಅನರ್ಹವಾದವು.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈ ಪ್ರಶ್ನೆ ವಿಶೇಷವಾಗಿ ಕಾಣಿಸಿಕೊಳ್ಳುತ್ತದೆ. 1890ರ ದಶಕದಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ಹಿನ್ನೆಲೆಯಲ್ಲಿ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ, ಮಕ್ಕಳ ಎಂಜಿನಿಯರಿಂಗ್ ಓದಿಗೆಂದು ಕೊಂಡು, ಅವರು ಕೆಲಸಕ್ಕಾಗಿ ದೂರ ಹೋದ ಮೇಲೆ ಹಿರಿಯರ ಪಾಲಿಗೆ ಉಳಿದ ಡೆಸ್ಕ್‌ಟಾಪ್ ಗಣಕಗಳಿಗೆ ಕೊರತೆಯಿಲ್ಲ. ಪುಟ್ಟ ಮುದ್ರಣಾಲಯಗಳು, ಡಿಟಿಪಿ ಅಂಗಡಿಗಳು, ಸಂಗೀತ ಸಭೆಗಳು, ದೇವಸ್ಥಾನದ ಕಚೇರಿಗಳು, ಸ್ವಯಂಸೇವಕರಿಂದಲೇ ನಡೆಯುವ ಓದುಗೂಡುಗಳು ಇಲ್ಲೆಲ್ಲ ಕೆಲಸ ಬಹುಪಾಲು ಪತ್ರ ಬರೆಯುವುದು, ಲೆಕ್ಕ ಇಡುವುದು, ಮಿಂಚಂಚೆ ನೋಡುವುದು, ಯೂಟ್ಯೂಬಿನಲ್ಲಿ ಒಂದು ಕಛೇರಿಯನ್ನೋ ಪ್ರವಚನವನ್ನೋ ಕೇಳುವುದು ಇಷ್ಟರಲ್ಲೇ ಮುಗಿಯುತ್ತದೆ. ಇಷ್ಟು ಕೆಲಸಕ್ಕೆ ಹೊಸ ಯಂತ್ರ ಬೇಕೇ, ಇಲ್ಲವೇ ಇರುವ ಯಂತ್ರದ ಮೇಲಿನ ಹೊರೆಯನ್ನು ಇಳಿಸಿದರೆ ಸಾಕೇ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಯಂತ್ರಕ್ಕೆ ವಯಸ್ಸಾಗುವ ಬಗೆ

ಗಣಕವು ಹಳೆಯದಾದಂತೆ ನಿಧಾನವಾಗುತ್ತದೆ ಎಂಬ ಸಾಮಾನ್ಯ ನಂಬಿಕೆ ಅರ್ಧ ಮಾತ್ರ ನಿಜ. ಲೆಕ್ಕ ಮಾಡುವ ಭಾಗವಾದ ಪ್ರೊಸೆಸರ್ ಹತ್ತು ಹದಿನೈದು ವರ್ಷ ಕಳೆದರೂ ಮೊದಲಿನ ವೇಗದಲ್ಲೇ ಲೆಕ್ಕ ಮಾಡಬಲ್ಲದು. ಸವೆಯುವುದು ಚಲಿಸುವ ಭಾಗಗಳು: ಗಾಳಿ ಬೀಸುವ ಫ್ಯಾನು, ತಿರುಗುವ ಹಾರ್ಡ್‌ಡಿಸ್ಕು. ಪ್ರೊಸೆಸರಿನ ಮೇಲೆ ಹಚ್ಚಿದ ಶಾಖವಾಹಕ ಪೇಸ್ಟು ಒಣಗಿ, ಫ್ಯಾನಿನ ರೆಕ್ಕೆಗಳಲ್ಲಿ ಧೂಳು ಕಟ್ಟಿದಾಗ, ಬಿಸಿ ಹೊರಹೋಗದೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಇದು ಮುಪ್ಪಲ್ಲ, ಶುಚಿ ಮಾಡಿದರೆ ಹೋಗುವ ಜಡ್ಡು. ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಖಾಲಿಯಾದಾಗ ಗಣಕದ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಆಗ ದಿನಾಂಕ ಹೊಂದಿಕೆಯಾಗದೆ ಬ್ಯಾಂಕಿನ ತಾಣಗಳು ತೆರೆದುಕೊಳ್ಳುವುದೇ ಇಲ್ಲ; ಅಲ್ಪ ಬೆಲೆಯ ಆ ಬ್ಯಾಟರಿಯನ್ನು ಬದಲಿಸುವ ಬದಲು ಇಡೀ ಗಣಕ ಕೆಟ್ಟಿತೆಂದು ತೀರ್ಮಾನಿಸುವವರೂ ಇದ್ದಾರೆ.

ನಿಧಾನಗತಿಯ ನಿಜವಾದ ಕಾರಣ ತಂತ್ರಾಂಶದ ಭಾರ. ಗಣಕದ ರ್ಯಾಮ್, ಅಂದರೆ ತಾತ್ಕಾಲಿಕ ಸ್ಮೃತಿ, ಅಡುಗೆಮನೆಯ ಕಟ್ಟೆಯಿದ್ದಂತೆ. ಹಾರ್ಡ್‌ಡಿಸ್ಕು ಹಿಂದಿನ ಉಗ್ರಾಣವಿದ್ದಂತೆ. ಹೆಚ್ಚುವ ತರಕಾರಿ, ಹುರಿದ ಬೇಳೆ, ರುಬ್ಬಿದ ಮಸಾಲೆ ಎಲ್ಲವೂ ಕಟ್ಟೆಯ ಮೇಲೆ ಹಿಡಿಸಿದರೆ ಅಡುಗೆ ಸರಾಗವಾಗಿ ಸಾಗುತ್ತದೆ. ಹಿಡಿಸದಿದ್ದಾಗ ಪ್ರತಿ ಸಲವೂ ಒಂದನ್ನು ಉಗ್ರಾಣಕ್ಕೆ ಒಯ್ದಿಟ್ಟು ಇನ್ನೊಂದನ್ನು ತರಬೇಕು. ಗಣಕವೂ ಹೀಗೆಯೇ ರ್ಯಾಮ್ ತುಂಬಿದೊಡನೆ ಮಾಹಿತಿಯನ್ನು ಡಿಸ್ಕಿಗೆ ಸಾಗಿಸಿ ಮತ್ತೆ ತರುತ್ತದೆ, ಇದಕ್ಕೆ ಸ್ವ್ಯಾಪ್ ಎಂದು ಹೆಸರು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕು ಸೆಕೆಂಡಿಗೆ 120 ಸುತ್ತು ಮಾತ್ರ ತಿರುಗುವುದರಿಂದ, ಅಲ್ಲಲ್ಲಿ ಚದುರಿರುವ ಮಾಹಿತಿಯನ್ನು ಸೆಕೆಂಡಿಗೆ ಸುಮಾರು ನೂರು ಸಲಕ್ಕಿಂತ ಹೆಚ್ಚು ಹುಡುಕಿ ತರಲು ಅದಕ್ಕೆ ಸಾಧ್ಯವಿಲ್ಲ. ಮೌಸಿನ ಬಾಣ ಕದಲದೆ ನಿಲ್ಲುವುದು, ಪೆಟ್ಟಿಗೆಯ ಮೇಲಿನ ಕೆಂಪು ದೀಪ ಬಿಡದೆ ಮಿನುಗುವುದು ಈ ಓಡಾಟದ ಕುರುಹು. ಹಾಗಾಗಿ ಪರಿಹಾರವೂ ಎರಡೇ: ಕಟ್ಟೆಯ ಮೇಲೆ ಕಡಿಮೆ ಜಾಗ ಹಿಡಿಯುವ ವ್ಯವಸ್ಥೆಯನ್ನು ಆರಿಸುವುದು, ಉಗ್ರಾಣದ ದಾರಿಯನ್ನು ಚುರುಕುಗೊಳಿಸುವುದು.

ಲಿನಕ್ಸ್ ಮತ್ತು ಅದರ ಹಗುರ ರೂಪಗಳು

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯಲಾರಂಭಿಸಿದ ಲಿನಕ್ಸ್ ಎಂಬುದು ಕಟ್ಟುನಿಟ್ಟಾಗಿ ಹೇಳುವುದಾದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು ಮಾತ್ರ. ಈ ತಿರುಳಿನ ಸುತ್ತ ಬೇಕಾದ ಉಪಕರಣಗಳಲ್ಲಿ ಬಹುಪಾಲು, ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಬಂದವು. ತಿರುಳು, ಉಪಕರಣ, ಕಿಟಕಿಗಳನ್ನು ತೋರಿಸುವ ಮೇಲ್ಮೈ, ಬರೆಯುವ ಓದುವ ತಂತ್ರಾಂಶಗಳು ಎಲ್ಲವನ್ನೂ ಒಂದೆಡೆ ಕಟ್ಟಿಕೊಡುವ ಪೊಟ್ಟಣಕ್ಕೆ ಡಿಸ್ಟ್ರೋ ಎಂಬುದು ಬಳಕೆಯ ಹೆಸರು. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಇಂತಹ ಡಿಸ್ಟ್ರೋಗಳು. ಇವು ಮುಕ್ತ ತಂತ್ರಾಂಶಗಳು, ಎಂದರೆ ಯಾರು ಬೇಕಾದರೂ ಬಳಸಬಹುದಾದ, ಪರಿಶೀಲಿಸಬಹುದಾದ, ತಿದ್ದಿ ಹಂಚಬಹುದಾದ ತಂತ್ರಾಂಶಗಳು.

ಹಗುರವೆಂಬ ಮಾತು ಇಲ್ಲಿ ಮುಖ್ಯವಾಗಿ ಮೇಲ್ಮೈಗೆ ಅನ್ವಯಿಸುತ್ತದೆ. ಒಂದೇ ತಿರುಳಿನ ಮೇಲೆ ನೆರಳು, ಪಾರದರ್ಶಕತೆ, ಅಲಂಕಾರಗಳಿರುವ ಗ್ನೋಮ್‌ನಂತಹ ಭಾರದ ಮೇಲ್ಮೈಯನ್ನೂ ಕೂರಿಸಬಹುದು, ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿಯಂತಹ ಸರಳ ಮೇಲ್ಮೈಯನ್ನೂ ಕೂರಿಸಬಹುದು. ವಿಂಡೋಸ್‌ನಲ್ಲಿ ಇಂತಹ ಆಯ್ಕೆ ಬಳಕೆದಾರನ ಕೈಯಲ್ಲಿಲ್ಲ. ಲಿನಕ್ಸ್‌ನ ನಿಜವಾದ ಅನುಕೂಲವಿರುವುದು ಉಚಿತವೆಂಬುದಕ್ಕಿಂತ ಹೆಚ್ಚಾಗಿ ಈ ಬಿಚ್ಚಿ ಜೋಡಿಸುವ ಗುಣದಲ್ಲಿ.

ಈ ಗುಣವನ್ನು ಬೆಂಗಳೂರು ಬಹಳ ಹಿಂದೆಯೇ ಬಳಸಿಕೊಂಡಿತ್ತು. ಮಲ್ಲೇಶ್ವರದ ಉತ್ತರಕ್ಕಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮೊದಲಾದವರು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೊಡನೆ ಸೇರಿ ರೂಪಿಸಿದ, 2001ರಲ್ಲಿ ಜನರೆದುರು ಬಂದ ಸಿಂಪ್ಯೂಟರ್ ಎಂಬ ಅಂಗೈಗಣಕ ನಡೆಯುತ್ತಿದ್ದುದು ಲಿನಕ್ಸ್ ಮೇಲೆಯೇ. 206 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, 32 ಅಥವಾ 64 ಎಂಬಿ ರ್ಯಾಮ್ ಇಷ್ಟರಲ್ಲೇ ಅದು ಭಾರತೀಯ ಭಾಷೆಗಳಲ್ಲಿ ಬರೆಹವನ್ನು ತೋರಿಸುವುದಲ್ಲದೆ ಗಟ್ಟಿಯಾಗಿ ಓದಿ ಹೇಳುವಂತಾಗಬೇಕೆಂಬ ಆಶಯದಿಂದ ಧ್ವನಿ ಎಂಬ ತಂತ್ರಾಂಶವೂ ಹುಟ್ಟಿತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೆ ಇಂದು ಮೂಲೆಗೆ ಸರಿದಿರುವ 2 ಜಿಬಿ ರ್ಯಾಮಿನ ಗಣಕದಲ್ಲಿ ಅದರ 32 ಎಂಬಿಗಿಂತ 64 ಪಟ್ಟು ಹೆಚ್ಚು ಸ್ಮೃತಿಯಿದೆ ಎಂಬುದನ್ನು ನೆನೆದರೆ, ಹಳೆಯ ಯಂತ್ರದಿಂದ ಏನೂ ಆಗದು ಎಂಬ ಮಾತನ್ನು ಸುಲಭವಾಗಿ ಒಪ್ಪಲಾಗದು.

ಯಾವ ಯಂತ್ರಕ್ಕೆ ಯಾವ ಡಿಸ್ಟ್ರೋ

ಆಯ್ಕೆಗೆ ಮೊದಲು ತಿಳಿಯಬೇಕಾದ ಸಂಗತಿಗಳು ಎರಡು: ರ್ಯಾಮ್ ಎಷ್ಟಿದೆ, ಪ್ರೊಸೆಸರ್ 64 ಬಿಟ್ಟಿನದೋ 32 ಬಿಟ್ಟಿನದೋ. ಪ್ರೊಸೆಸರ್ ಒಂದು ಸಲಕ್ಕೆ ಎಷ್ಟು ಅಗಲದ ಸಂಖ್ಯೆಯನ್ನು ನಿಭಾಯಿಸಬಲ್ಲದೆಂಬುದನ್ನು ಬಿಟ್ ಸೂಚಿಸುತ್ತದೆ. ವಿಂಡೋಸ್‌ನ ಸಿಸ್ಟಂ ವಿವರಗಳ ಪುಟದಲ್ಲಿ ಎರಡೂ ಕಾಣಸಿಗುತ್ತವೆ, ಆದರೆ ಒಂದು ಎಚ್ಚರಿಕೆ ಬೇಕು: ಅಲ್ಲಿ ಕಾಣುವ 32 ಬಿಟ್ ಎಂಬ ಮಾತು ಕೆಲವೊಮ್ಮೆ ಅಳವಡಿಸಿರುವ ವಿಂಡೋಸ್‌ಗೆ ಸಂಬಂಧಿಸಿದ್ದಾಗಿದ್ದು, ಪ್ರೊಸೆಸರ್ 64 ಬಿಟ್ಟಿನದೇ ಆಗಿರಬಹುದು. 2006ರಲ್ಲಿ ಬಂದ ಕೋರ್ 2 ಡ್ಯುಯೋ ಮತ್ತು ಅದರ ನಂತರದ ಡೆಸ್ಕ್‌ಟಾಪ್ ಪ್ರೊಸೆಸರುಗಳು ಬಹುಮಟ್ಟಿಗೆ 64 ಬಿಟ್ಟಿನವು.

4 ಜಿಬಿ ಅಥವಾ ಹೆಚ್ಚು ರ್ಯಾಮ್ ಇರುವ 64 ಬಿಟ್ ಗಣಕಕ್ಕೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಒಳ್ಳೆಯ ಆಯ್ಕೆ. ಕೆಳಗಿನ ಪಟ್ಟಿ, ಎಡಮೂಲೆಯ ಮೆನು, ಬಲಮೂಲೆಯ ಗಡಿಯಾರ ಇವೆಲ್ಲ ವಿಂಡೋಸ್‌ಗೆ ಒಗ್ಗಿದ ಕಣ್ಣಿಗೆ ಪರಿಚಿತವಾಗಿಯೇ ಕಾಣುತ್ತವೆ, ಅದರ 22ನೆಯ ಆವೃತ್ತಿಗೆ 2029ರವರೆಗೆ ಭದ್ರತಾ ತೇಪೆಗಳು ಬರುತ್ತವೆ. 2 ಜಿಬಿ ಆಸುಪಾಸಿನ ಗಣಕಕ್ಕೆ, ಉಬುಂಟು ಕುಟುಂಬದ ಹಗುರ ಸದಸ್ಯನಾದ ಲುಬುಂಟುವನ್ನೋ ಡೆಬಿಯನ್‌ನ ಎಲ್‌ಎಕ್ಸ್‌ಕ್ಯೂಟಿ ರೂಪವನ್ನೋ ಹಾಕಬಹುದು. 1 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ, ಪೂರ್ಣ ಮೇಲ್ಮೈಯ ಬದಲು ಬರೀ ಕಿಟಕಿಗಳನ್ನು ನಿರ್ವಹಿಸುವ ಸಣ್ಣ ತಂತ್ರಾಂಶವನ್ನು ಬಳಸುವ ಆಂಟಿಎಕ್ಸ್, ಇಲ್ಲವೇ 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಆರಂಭಿಸಿದ, ಇಡಿಯಾಗಿ ರ್ಯಾಮಿನೊಳಗೆ ಕುಳಿತು ನಡೆಯಬಲ್ಲ ಪಪ್ಪಿ ಲಿನಕ್ಸ್ ನೆರವಿಗೆ ಬರುತ್ತವೆ.

32 ಬಿಟ್ ಗಣಕಗಳ ಪಾಲಿಗೆ ಮಾತ್ರ ದಾರಿ ಕಿರಿದಾಗುತ್ತಿದೆ. ಲುಬುಂಟು 2019ರಲ್ಲೇ ಅವುಗಳನ್ನು ಕೈಬಿಟ್ಟಿತು. 2025ರ ಆಗಸ್ಟಿನಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿ ಆ ಯಂತ್ರಗಳಿಗೆ ಅಳವಡಿಕೆಯ ಕಡತವಿಲ್ಲ. 2023ರ ಡೆಬಿಯನ್ 12ಕ್ಕೆ 2028ರ ಜೂನ್‌ವರೆಗೆ ದೀರ್ಘಾವಧಿಯ ಬೆಂಬಲವಿರುವುದರಿಂದ, ಅದನ್ನೋ ಅದರ ಮೇಲೆ ಕಟ್ಟಿದ ಆಂಟಿಎಕ್ಸ್ ಆವೃತ್ತಿಯನ್ನೋ ಬಳಸಿ ಇನ್ನು ಕೆಲವು ವರ್ಷ ತಳ್ಳಬಹುದು.

ಡಿಸ್ಟ್ರೋ ಎಷ್ಟೇ ಹಗುರವಾಗಿದ್ದರೂ ಅಂತರ್ಜಾಲದ ಭಾರವನ್ನು ಅದು ಇಳಿಸಲಾರದು. ಆಂಟಿಎಕ್ಸ್ ತಾನಾಗಿ ಎರಡು ಮೂರು ನೂರು ಎಂಬಿಯಷ್ಟರಲ್ಲಿ ನಡೆದರೂ, ಬ್ರೌಸರಿನಲ್ಲಿ ತೆರೆದ ಒಂದೊಂದು ಪುಟವೂ ಅಷ್ಟೇ ಸ್ಮೃತಿಯನ್ನು ಬೇಡಬಹುದು. ಆದ್ದರಿಂದ 2 ಜಿಬಿ ಗಣಕದಲ್ಲಿ ಒಮ್ಮೆಗೆ ಮೂರು ನಾಲ್ಕು ಪುಟಗಳಿಗಿಂತ ಹೆಚ್ಚು ತೆರೆಯದಿರುವುದು, ಜಾಹೀರಾತುಗಳನ್ನು ತಡೆಯುವ ಪೂರಕವೊಂದನ್ನು ಹಾಕಿಕೊಳ್ಳುವುದು ಡಿಸ್ಟ್ರೋದ ಆಯ್ಕೆಯಷ್ಟೇ ಮುಖ್ಯ.

ಅಳವಡಿಕೆಯ ಕ್ರಮ

ಮೊದಲ ಹೆಜ್ಜೆ ಕಡತಗಳ ರಕ್ಷಣೆ. ಫೋಟೊ, ಪತ್ರ, ಲೆಕ್ಕದ ಹಾಳೆ ಮುಂತಾದವೆಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಮತ್ತೊಂದು ಗಣಕದಲ್ಲಿ ತೆರೆದು ನೋಡಿದ ಮೇಲೆಯೇ ಮುಂದುವರಿಯಬೇಕು. ಅಳವಡಿಕೆಯ ವೇಳೆ ಡಿಸ್ಕನ್ನು ಪೂರ್ತಿ ಅಳಿಸುವ ಆಯ್ಕೆಯನ್ನು ಒತ್ತಿದ ಮೇಲೆ ಹಳೆಯದನ್ನು ಮರಳಿ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ.

ಡಿಸ್ಟ್ರೋದ ಅಧಿಕೃತ ತಾಣದಿಂದ ಐಎಸ್‌ಒ ಎಂಬ ಕಡತವನ್ನು ಇಳಿಸಿಕೊಳ್ಳುವುದು ಎರಡನೆಯ ಹೆಜ್ಜೆ. ಇಡೀ ಅಳವಡಿಕೆಯ ತಟ್ಟೆಯ ಪಡಿಯಚ್ಚಾದ ಈ ಕಡತ ಸಾಮಾನ್ಯವಾಗಿ ಕೆಲವು ಜಿಬಿಯಷ್ಟಿರುತ್ತದೆ. ಅದರ ಜೊತೆಗೆ ಚೆಕ್‌ಸಮ್ ಎಂಬ ಉದ್ದನೆಯ ಅಂಕಾಕ್ಷರಗಳ ಸಾಲನ್ನೂ ತಾಣದಲ್ಲಿ ಕೊಟ್ಟಿರುತ್ತಾರೆ. ಇಳಿಸಿಕೊಂಡ ಕಡತದಿಂದ ಲೆಕ್ಕಹಾಕಿದ ಸಾಲು ಅದಕ್ಕೆ ತಾಳೆಯಾದರೆ ಕಡತ ನಡುವೆ ಕೆಟ್ಟಿಲ್ಲವೆಂದು ತಿಳಿಯಬಹುದು. ಕಡತವನ್ನು ಪೆನ್‌ಡ್ರೈವಿಗೆ ಬರಿದೇ ನಕಲು ಮಾಡಿದರೆ ಸಾಲದು. ರೂಫಸ್, ಬಲೇನಾ ಎಚರ್ ಅಥವಾ ವೆಂಟಾಯ್ ಎಂಬ ಉಚಿತ ತಂತ್ರಾಂಶಗಳಲ್ಲೊಂದರಿಂದ 8 ಜಿಬಿ ಪೆನ್‌ಡ್ರೈವನ್ನು ಬೂಟ್ ಮಾಡಬಲ್ಲಂತೆ, ಅಂದರೆ ಗಣಕವನ್ನು ತಾನೇ ಎಬ್ಬಿಸಬಲ್ಲಂತೆ ಸಿದ್ಧಪಡಿಸಬೇಕು. ಆಗ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ.

ಗಣಕವನ್ನು ಆರಿಸಿ, ಪೆನ್‌ಡ್ರೈವ್ ಸಿಕ್ಕಿಸಿ, ಮತ್ತೆ ಹೊತ್ತಿಸಿದೊಡನೆ ಕಂಪನಿಗೆ ತಕ್ಕಂತೆ ಎಫ್2, ಎಫ್12 ಅಥವಾ ಡಿಲೀಟ್ ಕೀಲಿಯನ್ನು ಒತ್ತಿದರೆ, ಯಂತ್ರ ಏಳುವ ಮುನ್ನದ ಸಿದ್ಧತೆಗಳನ್ನು ನಿರ್ಧರಿಸುವ ಬಯೋಸ್ ಪುಟವೋ ಬೂಟ್ ಪಟ್ಟಿಯೋ ತೆರೆಯುತ್ತದೆ. ಅಲ್ಲಿ ಪೆನ್‌ಡ್ರೈವನ್ನು ಆರಿಸಬೇಕು. ಆಗ ಬರುವುದು ಲೈವ್ ಸ್ಥಿತಿ. ಹಾರ್ಡ್‌ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಇಡೀ ಲಿನಕ್ಸ್ ನಡೆಯುವ ಈ ಸೌಲಭ್ಯ, ಹೊಸಬರಿಗೆ ಈ ವ್ಯವಸ್ಥೆ ಕೊಡುವ ಅತಿ ದೊಡ್ಡ ಅಭಯ. ವೈಫೈ ಸಿಗುತ್ತದೆಯೇ, ಧ್ವನಿ ಕೇಳುತ್ತದೆಯೇ, ವಿಡಿಯೊ ತಡವರಿಸದೆ ಓಡುತ್ತದೆಯೇ, ಪ್ರಿಂಟರ್ ಗುರುತಿಸಲ್ಪಡುತ್ತದೆಯೇ, ಮಲಗಿಸಿದ ಲ್ಯಾಪ್‌ಟಾಪ್ ಮತ್ತೆ ಏಳುತ್ತದೆಯೇ ಎಂದು ಇಲ್ಲಿಯೇ ಪರೀಕ್ಷಿಸಬಹುದು. ಹೊಂದದಿದ್ದರೆ ಪೆನ್‌ಡ್ರೈವ್ ಕಿತ್ತು ಗಣಕವನ್ನು ಮತ್ತೆ ಹೊತ್ತಿಸಿದರೆ ಹಳೆಯ ವಿಂಡೋಸ್ ಇದ್ದಂತೆಯೇ ಇರುತ್ತದೆ. ಪೆನ್‌ಡ್ರೈವ್ ಡಿಸ್ಕಿಗಿಂತ ನಿಧಾನವಾದ್ದರಿಂದ ಲೈವ್ ಸ್ಥಿತಿಯ ವೇಗವನ್ನೇ ಅಂತಿಮವೆಂದು ಭಾವಿಸಬಾರದು.

ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಮೇಲ್ಮೈಯಲ್ಲೇ ಕಾಣುವ ಅಳವಡಿಕೆಯ ಚಿಹ್ನೆಯನ್ನು ಒತ್ತಿದರೆ, ಭಾಷೆ, ಕೀಲಿಮಣೆ, ಕಾಲವಲಯ, ಬಳಕೆದಾರರ ಹೆಸರು, ಗುಪ್ತಪದ ಇವುಗಳನ್ನು ಒಂದೊಂದಾಗಿ ಕೇಳುತ್ತದೆ. ಕಾಲವಲಯದ ಪಟ್ಟಿಯಲ್ಲಿ ಭಾರತದ ಸಮಯಕ್ಕೆ ಕೋಲ್ಕತ್ತದ ಹೆಸರಿರುತ್ತದೆ. ಇಲ್ಲಿ ಯೋಚಿಸಿ ಉತ್ತರಿಸಬೇಕಾದುದು ಡಿಸ್ಕಿನ ವಿಭಜನೆಯ ಪ್ರಶ್ನೆಯೊಂದೇ. ವಿಂಡೋಸ್ ಪಕ್ಕದಲ್ಲಿಯೇ ಲಿನಕ್ಸ್ ಹಾಕಿಕೊಂಡು, ಗಣಕ ಏಳುವಾಗ ಎರಡರಲ್ಲೊಂದನ್ನು ಆರಿಸಿಕೊಳ್ಳುವ ಏರ್ಪಾಡಿಗೆ ಡ್ಯುಯಲ್ ಬೂಟ್ ಎನ್ನುತ್ತಾರೆ; ಕನಿಷ್ಠ 25–30 ಜಿಬಿ ಖಾಲಿ ಜಾಗವಿದ್ದು, ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಕೆಲಸ ಇನ್ನೂ ಉಳಿದಿದ್ದರೆ ಇದು ಸರಿ. ಹಾಗಿಲ್ಲದಿದ್ದರೆ ಡಿಸ್ಕನ್ನು ಪೂರ್ತಿ ಲಿನಕ್ಸ್‌ಗೆ ಕೊಡುವುದೇ ಸರಳ. ಅಳವಡಿಕೆ ಮುಗಿದೊಡನೆ ಮಾಡಬೇಕಾದ ಮೊದಲ ಕೆಲಸ, ಅಂತರ್ಜಾಲಕ್ಕೆ ಜೋಡಿಸಿ ಭದ್ರತಾ ತೇಪೆಗಳನ್ನು ತರಿಸಿಕೊಳ್ಳುವುದು.

ಎಸ್.ಪಿ. ರೋಡಿನ ಉಪಾಯ

ಹೊರೆ ಇಳಿಸಿದ ಮೇಲೂ ಉಗ್ರಾಣದ ದಾರಿ ನಿಧಾನವೇ ಆಗಿದ್ದರೆ, ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆದು ಎಸ್‌ಎಸ್‌ಡಿಯನ್ನು ಹಾಕುವುದು ಅತ್ಯಂತ ಫಲಕಾರಿಯಾದ ದುರಸ್ತಿ. ಚಲಿಸುವ ಭಾಗಗಳಿಲ್ಲದ, ಚಿಪ್ಪುಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿ, ಚದುರಿದ ಮಾಹಿತಿಯನ್ನು ಸೆಕೆಂಡಿಗೆ ಸಾವಿರಾರು ಸಲ ಹುಡುಕಿ ತರಬಲ್ಲದು. ಸಾಟಾ ಎಂಬ ಜೋಡಣೆಯಿರುವ ಗಣಕಗಳಿಗೆಲ್ಲ, ಅಂದರೆ ಸುಮಾರು 2006ರ ನಂತರದ ಬಹುತೇಕ ಯಂತ್ರಗಳಿಗೆ, ಎರಡೂವರೆ ಅಂಗುಲದ ಸಾಟಾ ಎಸ್‌ಎಸ್‌ಡಿ ಹೊಂದುತ್ತದೆ. ಮನೆಬಳಕೆಗೆ 240 ಜಿಬಿಯದು ಧಾರಾಳ.

ಬಿಡಿಭಾಗಗಳಿಗಾಗಿ ಬೆಂಗಳೂರಿಗರು ತಲೆಮಾರಿನಿಂದ ಹೋಗುವ ಜಾಗ ಪುರಭವನದ ಸಮೀಪದ ಸಾದರ ಪಟ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರೋಡು. ಹೊಸ ಗಣಕಗಳಲ್ಲಿ ಬಳಕೆ ತಪ್ಪಿದ ಡಿಡಿಆರ್2, ಡಿಡಿಆರ್3 ಬಗೆಯ ರ್ಯಾಮ್ ಕಡ್ಡಿಗಳನ್ನು ಇಲ್ಲಿನ ಅಂಗಡಿಗಳಲ್ಲಿ ವಿಚಾರಿಸಬಹುದು. ಒಂದು ತಲೆಮಾರಿನ ಕಡ್ಡಿ ಮತ್ತೊಂದರ ಗೂಡಿಗೆ ಹೊಂದುವುದಿಲ್ಲ, ಡೆಸ್ಕ್‌ಟಾಪಿನದು ಲ್ಯಾಪ್‌ಟಾಪಿಗೆ ಆಗುವುದಿಲ್ಲ. ಆದ್ದರಿಂದ ಇರುವ ಕಡ್ಡಿಯನ್ನೇ ಬಿಚ್ಚಿ ಜೊತೆಗೊಯ್ಯುವುದು, ಬಳಸಿದ ವಸ್ತುವಾದರೆ ಅಂಗಡಿಯಲ್ಲೇ ಹಾಕಿ ತೋರಿಸುವಂತೆ ಕೇಳುವುದು, ಬಿಲ್ಲು ಪಡೆಯುವುದು ಜಾಣತನ. 2 ಜಿಬಿಯಿಂದ 4 ಜಿಬಿಗೆ ಏರಿದ ರ್ಯಾಮ್ ಮತ್ತು ಒಂದು ಎಸ್‌ಎಸ್‌ಡಿ ಸೇರಿದರೆ, ಹತ್ತು ಹನ್ನೆರಡು ವರ್ಷದ ಗಣಕವೂ ದಿನಬಳಕೆಯ ಕೆಲಸಗಳಲ್ಲಿ ಕಾಯಿಸುವುದಿಲ್ಲ.

ಕನ್ನಡದ ಮಾತು

ಹಳೆಯ ಬೆಂಗಳೂರಿನ ಓದುಗರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ, ಇದರಲ್ಲಿ ಕನ್ನಡ ಬರೆಯಬಹುದೇ ಎಂಬುದು. ಬರೆಯಬಹುದು, ಅದೂ ನುಡಿ ತಂತ್ರಾಂಶದಲ್ಲಿ ಕಲಿತ ಅದೇ ಬೆರಳೋಟದಲ್ಲಿ. ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆಯ ತತ್ತ್ವದ ಮೇಲೆ ನಿಂತ, ಬೆಂಗಳೂರಿನ ಕನ್ನಡ ಗಣಕ ಪರಿಷತ್ತು ನುಡಿಯ ಮೂಲಕ ಮನೆಮಾತಾಗಿಸಿದ ವಿನ್ಯಾಸವು ಪರಿಷತ್ತಿನ ಮೊದಲಕ್ಷರಗಳಿಂದ ಕಗಪ ಎಂಬ ಹೆಸರು ಪಡೆದಿದೆ. ಲಿನಕ್ಸ್‌ನ ಕೀಲಿಮಣೆಗಳ ಮೂಲ ಪಟ್ಟಿಯಲ್ಲಿ ಕನ್ನಡ ಕಗಪ ಎಂಬ ನಮೂದು ಇದೆ. ಅಷ್ಟೇ ಅಲ್ಲ, ಹಿಂದಿ, ಸಂಸ್ಕೃತ, ಮರಾಠಿ, ತೆಲುಗುಗಳಿಗೂ ಇದೇ ಹೆಸರಿನ ವಿನ್ಯಾಸಗಳು ಅಲ್ಲಿ ಸೇರಿವೆ. ಬೆಂಗಳೂರಿನ ಒಂದು ಕನ್ನಡ ಸಂಸ್ಥೆಯ ಹೆಸರು ಜಗತ್ತಿನಾದ್ಯಂತದ ಲಿನಕ್ಸ್ ಗಣಕಗಳೊಳಗೆ ಹೀಗೆ ಸದ್ದಿಲ್ಲದೆ ಕುಳಿತಿರುವುದು ಅನೇಕರಿಗೆ ತಿಳಿಯದ ಸಂಗತಿ.

ಕನ್ನಡವನ್ನು ಸರಾಗವಾಗಿ ಬೆರಳಚ್ಚಿಸಲು ಐಬಸ್ ಎಂಬ ಲಿಪಿ ಊಡಿಕೆಯ ತಂತ್ರಾಂಶವನ್ನೂ ಅದರ ಎಂ17ಎನ್ ಪೂರಕವನ್ನೂ ಹಾಕಿಕೊಂಡು, ಪಟ್ಟಿಯಲ್ಲಿ ಕನ್ನಡದ ಕೆಜಿಪಿ ವಿಧಾನವನ್ನು ಆರಿಸಬೇಕು. ಈ ವಿನ್ಯಾಸದಲ್ಲಿ ಇಂಗ್ಲಿಷಿನ ಎಫ್ ಕೀಲಿಯು ಅರ್ಧಾಕ್ಷರದ ಚಿಹ್ನೆ, ಡಬ್ಲ್ಯು ಕೀಲಿಯು ಡಕಾರ. ಹಾಗಾಗಿ ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಒತ್ತಿದರೆ ‘ಕನ್ನಡ’ ಮೂಡುತ್ತದೆ. ಅಕ್ಷರಗಳ ಅಂದಕ್ಕೆ ಲೋಹಿತ್, ನೋಟೊ ಮುಂತಾದ ಫಾಂಟುಗಳೊಡನೆ, ಕನ್ನಡಿಗರೇ ಆದ ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್, ಉಬುಂಟುಗಳ ಉಗ್ರಾಣದಲ್ಲೇ ದೊರೆಯುತ್ತವೆ. ಪತ್ರ ಮತ್ತು ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್ ಇದೆ.

ತೊಡಕಿರುವುದು ಹಳೆಯ ಕಡತಗಳಲ್ಲಿ. ನುಡಿ, ಬರಹ ತಂತ್ರಾಂಶಗಳ ಹಿಂದಿನ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ಚಿತ್ರಗಳನ್ನು ಕೂರಿಸಿರುತ್ತಿದ್ದರು. ಆ ಫಾಂಟು ಇಲ್ಲದ ಗಣಕದಲ್ಲಿ ಅಂತಹ ಕಡತವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಕ’ ಅಕ್ಷರದ ಸಂಖ್ಯೆ ಎಲ್ಲ ಗಣಕಗಳಲ್ಲೂ 3221 ಆಗಿರುವುದರಿಂದ ಈ ಗೊಂದಲವಿಲ್ಲ. ಆಸ್ಕಿ ಕಡತಗಳೆಂದು ಕರೆಯುವ ಇಂತಹ ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಗುಬ್ಬಿ ಫಾಂಟಿನ ಕರ್ತೃವೇ ಅಂತಹದ್ದೊಂದನ್ನು ಬರೆದಿದ್ದಾರೆ. ಲಿನಕ್ಸ್‌ಗೆ ಹೋಗಲಿ ಬಿಡಲಿ, ಮನೆತನದ ಚರಿತ್ರೆ, ಹಸ್ತಪ್ರತಿ, ಸಂಘದ ನಡಾವಳಿಗಳನ್ನು ಹಳೆಯ ಫಾಂಟುಗಳಲ್ಲಿ ಇಟ್ಟುಕೊಂಡವರು ಅವುಗಳನ್ನು ಈಗಲೇ ಪರಿವರ್ತಿಸಿ, ಒತ್ತಕ್ಷರ ಮತ್ತು ಅಂಕಿಗಳನ್ನು ಕಣ್ಣಾರೆ ತಿದ್ದಿಕೊಳ್ಳುವುದು ಒಳಿತು.

ಎಲ್ಲಿ ಹೊಂದುವುದಿಲ್ಲ

ಎಲ್ಲ ಕೆಲಸಕ್ಕೂ ಲಿನಕ್ಸ್ ಒಗ್ಗುತ್ತದೆಂದು ಹೇಳುವುದು ಓದುಗರನ್ನು ದಾರಿ ತಪ್ಪಿಸಿದಂತೆ. ಟ್ಯಾಲಿಯಲ್ಲಿ ಲೆಕ್ಕ ಇಡುವ ಅಂಗಡಿಗಳು, ಪೇಜ್‌ಮೇಕರಿನಲ್ಲೋ ಇನ್‌ಡಿಸೈನಿನಲ್ಲೋ ಪುಟ ಕಟ್ಟುವ ಡಿಟಿಪಿಯವರು, ಡಿಜಿಟಲ್ ಸಹಿಯ ಟೋಕನ್ ಬಳಸುವ ಲೆಕ್ಕಪರಿಶೋಧಕರು ವಿಂಡೋಸ್ ಯಂತ್ರವೊಂದನ್ನು ಉಳಿಸಿಕೊಳ್ಳುವುದೇ ಸರಿ. ಪ್ರಿಂಟರುಗಳ ವಿಷಯದಲ್ಲೂ ಎಚ್ಚರ ಬೇಕು: ಎಚ್‌ಪಿಯ ಬಹುಪಾಲು ಪ್ರಿಂಟರುಗಳು ಎಚ್‌ಪಿಲಿಪ್ ತಂತ್ರಾಂಶದ ನೆರವಿನಿಂದ ನಡೆಯುತ್ತವೆ, ಆದರೆ ನಮ್ಮ ಕಚೇರಿಗಳಲ್ಲಿ ವ್ಯಾಪಕವಾಗಿರುವ ಕ್ಯಾನನ್ ಎಲ್‌ಬಿಪಿ 2900 ಮಾದರಿಗೆ ಕ್ಯಾಪ್ಟ್ ಎಂಬ ಪ್ರತ್ಯೇಕ ಚಾಲಕ ತಂತ್ರಾಂಶ ಬೇಕಾಗುತ್ತದೆ, ಅದನ್ನು ಕೂರಿಸುವುದು ಹೊಸಬರಿಗೆ ಸುಲಭವಲ್ಲ. ಕೆಲವು ಹಳೆಯ ಲ್ಯಾಪ್‌ಟಾಪುಗಳಲ್ಲಿರುವ ಬ್ರಾಡ್‌ಕಾಂ ವೈಫೈ ಚಿಪ್ಪುಗಳಿಗೆ ಚಾಲಕವನ್ನು ಪ್ರತ್ಯೇಕವಾಗಿ ಹಾಕಬೇಕಾದೀತು. ಅಲ್ಲಿಯವರೆಗೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಅಂತರ್ಜಾಲವನ್ನು ಬಳಸಬಹುದು.

ಹೊಸ ವ್ಯವಸ್ಥೆಗೆ ಸಾಮಾನ್ಯರು ಒಗ್ಗಿಕೊಳ್ಳುವರೇ ಎಂಬ ಸಂದೇಹಕ್ಕೆ ಉತ್ತರ ನೆರೆಯ ಕಾಸರಗೋಡಿನಲ್ಲಿದೆ. ಕೇರಳದ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಗಿ, ಮುಂದೆ ಮುಕ್ತ ತಂತ್ರಾಂಶಗಳ ಕಡೆಗೆ ಹೊರಳಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅದು ಉಬುಂಟುವನ್ನು ಆಧರಿಸಿ ಕಟ್ಟಿದ ಗ್ನೂ/ಲಿನಕ್ಸ್ ಆ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದರ ಪಠ್ಯಪುಸ್ತಕ ಕನ್ನಡದಲ್ಲಿಯೇ ಇದೆ. ಕರ್ನಾಟಕದಲ್ಲೂ ಶಿಕ್ಷಕರ ತರಬೇತಿ ಮತ್ತು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯ ಸಂದರ್ಭದಲ್ಲಿ ರಾಜ್ಯ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಗಳು ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟುವನ್ನು ಪರಿಚಯಿಸಿವೆ. ಹೈಸ್ಕೂಲಿನ ಮಕ್ಕಳು ಕಲಿತದ್ದನ್ನು ಹಿರಿಯರು ಕಲಿಯಲಾರರೆನ್ನಲು ಕಾರಣವಿಲ್ಲ. ಮೊದಲ ವಾರ ಮಾತ್ರ ಪಕ್ಕದಲ್ಲಿ ಕುಳಿತು ತೋರಿಸಿಕೊಡುವವರೊಬ್ಬರು ಬೇಕು.

ಗುಜರಿಗೆ ಮುನ್ನ

ಹೊರಗೆಸೆದ ಗಣಕ ಕಣ್ಮರೆಯಾಗುವುದಿಲ್ಲ. ಅದರ ಬೆಸುಗೆಯ ಸೀಸ, ತಂತಿಗಳ ಪ್ಲಾಸ್ಟಿಕ್, ಮದರ್‌ಬೋರ್ಡಿನ ಲೋಹಗಳು ಬೇಕಾಬಿಟ್ಟಿಯಾಗಿ ಸುಡುವವರ ಕೈಗೆ ಸಿಕ್ಕರೆ ಗಾಳಿಗೂ ನೀರಿಗೂ ಸೇರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ನೋಂದಾಯಿತ ಮರುಬಳಕೆದಾರರ ಮೂಲಕವೇ ಇದರ ವಿಲೇವಾರಿ ಆಗಬೇಕೆನ್ನುತ್ತವೆ. ದಾಬಸ್‌ಪೇಟೆಯಲ್ಲಿ 2005ರಲ್ಲಿ ಕೆಲಸ ಆರಂಭಿಸಿದ ಇ-ಪರಿಸರ ದೇಶದ ಇಂತಹ ಮೊದಲ ಘಟಕಗಳಲ್ಲೊಂದು. ಆದರೆ ಅತ್ಯುತ್ತಮ ಘಟಕವೂ ಗಣಕವನ್ನು ಒಡೆದು ಲೋಹವಾಗಿಸಬಲ್ಲದೇ ಹೊರತು ಅದನ್ನು ಕಟ್ಟುವಾಗ ಖರ್ಚಾದ ವಿದ್ಯುತ್ತನ್ನೂ ನೀರನ್ನೂ ಮರಳಿಸಲಾರದು. ಮದರ್‌ಬೋರ್ಡು ಸುಟ್ಟ, ಇಲ್ಲವೇ 32 ಬಿಟ್ಟಿನ 512 ಎಂಬಿಯ ಯಂತ್ರವನ್ನು ಅಲ್ಲಿಗೆ ಕಳಿಸುವುದೇ ಸರಿ, ಡಿಸ್ಕಿನಲ್ಲಿರುವ ಖಾಸಗಿ ಮಾಹಿತಿಯನ್ನು ಪೂರ್ತಿ ಅಳಿಸಿದ ಮೇಲೆ.

64 ಬಿಟ್ಟಿನ ಪ್ರೊಸೆಸರೂ 2 ಜಿಬಿ ರ್ಯಾಮೂ ಇರುವ ಗಣಕದ ಮಾತು ಬೇರೆ. ಅದು ಮುದಿಯಾಗಿಲ್ಲ, ಅದರ ಬೆನ್ನ ಮೇಲಿನ ಹೊರೆ ಹೆಚ್ಚಾಗಿದೆ. ಅಂತಹ ಗಣಕವನ್ನು ಗುಜರಿಗೆ ಹಾಕುವ ಮುನ್ನ ಅದರ ಒಡೆಯರು 8 ಜಿಬಿಯ ಒಂದು ಪೆನ್‌ಡ್ರೈವ್ ಮತ್ತು ಒಂದು ಭಾನುವಾರದ ಮಧ್ಯಾಹ್ನವನ್ನು ಅದಕ್ಕೆ ಕೊಟ್ಟು ನೋಡಬೇಕು. ಲೈವ್ ಸ್ಥಿತಿಯಲ್ಲಿ ಅದು ಸೋತರೆ ಕಳೆದುಕೊಳ್ಳುವುದೇನೂ ಇಲ್ಲ. ಗೆದ್ದರೆ, ಹೊಸ ಗಣಕಕ್ಕೆಂದು ಎತ್ತಿಟ್ಟ ಹಣ ಬೇರೆ ಕೆಲಸಕ್ಕೆ ಒದಗುತ್ತದೆ.